ಬರುತ್ತೆ, ಕೈಲಾಗುತ್ತೆ, ಸಹಿ ಹಾಕಬಹುದು

ಪ್ರಶ್ನೆ: ನಮ್ಮದು ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ ಹೋಬಳಿ. ಮಗಳು ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು. ಮೊನ್ನೆ ಮೇಷ್ಟ್ರು ‘ಕಳೆಯುವ ಲೆಕ್ಕದ ಸಾಮರ್ಥ್ಯ ಇವಳಿಗೆ ಇನ್ನೂ ಬರಬೇಕು’ ಅಂದರು. ನಾಡಕಚೇರಿಗೆ ಹೋದರೆ ‘ಸಕ್ಷಮ ಪ್ರಾಧಿಕಾರದ ಸಹಿ ಬೇಕು’ ಅಂದರು. ನನ್ನ ತಮ್ಮ ಬಿಡದಿ ಕಡೆ ಒಂದು ಕಾರ್ಖಾನೆಗೆ ಇಂಟರ್‌ವ್ಯೂಗೆ ಹೋಗಿದ್ದ, ಅಲ್ಲಿ ‘ಕಾಂಪಿಟೆನ್ಸಿ’ ನೋಡುತ್ತಾರಂತೆ. ಮೂರಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ ಎಂದು ಅವನು ಹೇಳಿದ. ಹಾಗಾದರೆ ಕನ್ನಡದಲ್ಲಿ ಇಷ್ಟೊಂದು ಪದ ಯಾಕೆ? ಇದರಲ್ಲಿ ಸರಿಯಾದದ್ದು ಯಾವುದು? ದಿನದ ಮಾತಿನಲ್ಲಿ ಏನನ್ನಬೇಕು?

ಉತ್ತರ: ನಿಮ್ಮ ತಮ್ಮ ಹೇಳಿದ್ದು ನಿಜ. ಮೂರು ಕಡೆಯೂ ಇರುವುದು ಕಾಂಪಿಟೆನ್ಸ್ ಎಂಬ ಒಂದೇ ಪದ. ಆದರೆ ಕನ್ನಡದಲ್ಲಿ ಪದ ಹೆಚ್ಚಾಗಿರುವುದಕ್ಕೆ ಕಾರಣವಿದೆ. ಇಂಗ್ಲಿಷಿನವರು ಒಂದೇ ಚೀಲಕ್ಕೆ ತುಂಬಿದ ಬೇರೆ ಬೇರೆ ಕಾಳನ್ನು ನಾವು ಬೇರೆ ಬೇರೆ ಮೊರದಲ್ಲಿ ಇಟ್ಟುಕೊಂಡಿದ್ದೇವೆ. ಯಾವ ಮೊರದಲ್ಲಿ ಯಾವ ಕಾಳು ಎಂದು ತಿಳಿದರೆ ನಿಮ್ಮ ಗೊಂದಲ ಹೋಗುತ್ತದೆ.

ಸುಲಭವಾದದ್ದನ್ನು ಮೊದಲು ಮುಗಿಸುತ್ತೇನೆ. ನಾಡಕಚೇರಿಯ ‘ಸಕ್ಷಮ’ಕ್ಕೂ ಆ ಅಧಿಕಾರಿಯ ಜಾಣತನಕ್ಕೂ ಸಂಬಂಧವಿಲ್ಲ. ಆ ಕಾಗದಕ್ಕೆ ಸಹಿ ಹಾಕುವ ಅಧಿಕಾರವನ್ನು ಕಾನೂನು ಯಾವ ಹುದ್ದೆಗೆ ಕೊಟ್ಟಿದೆಯೋ ಅದು ಸಕ್ಷಮ ಪ್ರಾಧಿಕಾರ. ಸಾಹೇಬರಿಗೆ ವರ್ಗವಾದರೆ ಆ ‘ಕ್ಷಮತೆ’ ಅವರ ಜೊತೆ ಹೋಗುವುದಿಲ್ಲ, ಕುರ್ಚಿಯ ಜೊತೆಯೇ ಉಳಿಯುತ್ತದೆ. ಇದೇ ಪದ ನಿಮಗೆ ಉಪಯೋಗಕ್ಕೆ ಬರುವ ಇನ್ನೊಂದು ಜಾಗವಿದೆ. 2011ರ ಸಕಾಲ ಕಾಯ್ದೆಯಲ್ಲಿ ಪ್ರತಿ ಸೇವೆಗೂ ಒಬ್ಬ ಗೊತ್ತುಪಡಿಸಿದ ಅಧಿಕಾರಿ ಇರುತ್ತಾರೆ. ಅವರು ಗಡುವಿನೊಳಗೆ ಕೆಲಸ ಮಾಡಿಕೊಡದಿದ್ದರೆ ಅಥವಾ ಅರ್ಜಿ ತಿರಸ್ಕರಿಸಿದರೆ ನೀವು ಮೇಲ್ಮನವಿ ಕೊಡಬೇಕಾದದ್ದು ‘ಸಕ್ಷಮ ಅಧಿಕಾರಿ’ಗೆ. ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕನ್ನೂ ಆ ಕಾಯ್ದೆ ಕೊಟ್ಟಿದೆ. ಆದ್ದರಿಂದ ಮುಂದಿನ ಸಲ ಯಾರಾದರೂ ‘ಸಕ್ಷಮ’ ಎಂದರೆ ಸಂಕೋಚವಿಲ್ಲದೆ ಕೇಳಿ: ಯಾವ ಹುದ್ದೆಯವರು ಸ್ವಾಮಿ, ಅವರ ಆಫೀಸು ಎಲ್ಲಿ? ಸರ್ಕಾರಿ ಕಾಗದಗಳಲ್ಲೇ ‘ಸಹಿ ಹಾಕುವ ಅಧಿಕಾರ ಇರುವವರು’ ಎಂದು ಬರೆದರೆ ಎಷ್ಟೋ ಜನರ ಓಡಾಟ ತಪ್ಪುತ್ತದೆ ಎಂದು ನಾನು ಬಹಳ ವರ್ಷದಿಂದ ಹೇಳುತ್ತಲೇ ಇದ್ದೇನೆ.

ನ್ಯಾಯಾಲಯದ ಭಾಷೆಯಲ್ಲೂ ಹೀಗೆಯೇ. 1872ರ ಕರಾರು ಕಾಯ್ದೆಯ 11ನೇ ಸೆಕ್ಷನ್ ಯಾರು ಕರಾರು ಮಾಡಿಕೊಳ್ಳಲು ಸಮರ್ಥರು ಎಂದು ಹೇಳುತ್ತದೆ: ಪ್ರಾಯಕ್ಕೆ ಬಂದಿರಬೇಕು, ಬುದ್ಧಿ ಸ್ವಾಧೀನದಲ್ಲಿರಬೇಕು, ಬೇರೆ ಕಾನೂನಿನ ತಡೆ ಇರಬಾರದು. ಹದಿನೇಳು ವರ್ಷದ ಹುಡುಗ ಸಂತೆಯಲ್ಲಿ ದೊಡ್ಡವರನ್ನು ಮೀರಿಸಿ ವ್ಯಾಪಾರ ಮಾಡಬಹುದು. ಆದರೂ ಅವನು ಬರೆದುಕೊಟ್ಟ ಕರಾರು ನಿಲ್ಲುವುದಿಲ್ಲ. 1903ರಲ್ಲಿ ಪ್ರಿವಿ ಕೌನ್ಸಿಲ್ ಮೊಹೊರಿ ಬೀಬಿ ಮೊಕದ್ದಮೆಯಲ್ಲಿ ಇದನ್ನು ಖಚಿತ ಮಾಡಿತು.

ಇನ್ನು ನಿಮ್ಮ ಮಗಳ ಮತ್ತು ತಮ್ಮನ ವಿಷಯ. ಅದಕ್ಕೆ ಬರುವ ಮುಂಚೆ ಪದಗಳ ಬೇರನ್ನು ಸ್ವಲ್ಪ ಕೆದಕಬೇಕು. ಕಾಂಪಿಟೆನ್ಸ್ ಲ್ಯಾಟಿನ್ ಮೂಲದ್ದು. ಎರಡು ಕಡೆಯಿಂದ ಹೊರಟು ಒಂದೆಡೆ ಕೂಡುವುದು, ಒಂದಕ್ಕೊಂದು ಹೊಂದುವುದು ಎಂದು ಅದರ ಮೂಲ ಅರ್ಥ. ಸ್ಪರ್ಧೆ ಎಂಬರ್ಥದ ಕಾಂಪಿಟಿಷನ್ ಕೂಡ ಇದೇ ಬೇರಿನಿಂದ ಚಿಗುರಿದ ಇನ್ನೊಂದು ಕೊಂಬೆ, ಆದರೆ ಆ ಕೊಂಬೆ ಬೇರೆ ದಿಕ್ಕಿಗೆ ಹೋಯಿತು. ನಿಮ್ಮ ತಮ್ಮನಿಗೆ ಇದನ್ನು ಹೇಳಿ. ಪಕ್ಕದವನನ್ನು ಸೋಲಿಸುವುದು ಕಾಂಪಿಟೆನ್ಸಿ ಅಲ್ಲ. ಹದಿನೇಳನೇ ಶತಮಾನದ ಇಂಗ್ಲಿಷಿನಲ್ಲಿ ಈ ಪದಕ್ಕೆ ಹೊಟ್ಟೆಬಟ್ಟೆಗೆ ಸಾಕಾಗುವಷ್ಟು ಆಸ್ತಿ ಇರುವುದು ಎಂಬ ಅರ್ಥವೂ ಇತ್ತು. ನಾವು ‘ಅನುಕೂಲಸ್ಥರು’ ಅನ್ನುತ್ತೇವಲ್ಲ, ಆ ಅರ್ಥ. ಆ ‘ಸಾಕಾಗುವಷ್ಟು’ ಎಂಬ ಛಾಯೆ ಇಂದಿಗೂ ಹೋಗಿಲ್ಲ. ಇಂಗ್ಲಿಷಿನಲ್ಲಿ ಒಬ್ಬ ಹಾಡುಗಾರನನ್ನು ಕಾಂಪಿಟೆಂಟ್ ಎಂದರೆ ಅದು ದೊಡ್ಡ ಹೊಗಳಿಕೆಯಲ್ಲ, ಶ್ರುತಿ ತಪ್ಪದೆ ಹಾಡುತ್ತಾನೆ, ಪರವಾಗಿಲ್ಲ ಎಂದಷ್ಟೇ. ನಾವೋ ‘ಸಮರ್ಥ’ ಎಂಬುದನ್ನು ನಾಯಕರಿಗೆ, ಗುರುಗಳಿಗೆ ಮೀಸಲಿಟ್ಟಿದ್ದೇವೆ. ಹೀಗಾಗಿ ಕಾಂಪಿಟೆಂಟ್ ಕಂಡಲ್ಲೆಲ್ಲ ಸಮರ್ಥ ಎಂದು ಬರೆದರೆ ತೂಕ ಏರುಪೇರಾಗುತ್ತದೆ.

ಇಷ್ಟಾದರೂ ಎರಡು ಪದಗಳ ಹುಟ್ಟು ಒಂದೇ ಬಗೆಯದು. ಸಮರ್ಥ ಎಂದರೆ ಸಂ ಮತ್ತು ಅರ್ಥ, ಅರ್ಥ ಕೂಡಿದ್ದು. ಎರಡು ಪದ ಸೇರಿ ಸಮಾಸವಾಗಬೇಕಾದರೆ ಅವು ಸಮರ್ಥವಾಗಿರಬೇಕು, ಅಂದರೆ ಅರ್ಥದಲ್ಲಿ ಒಂದನ್ನೊಂದು ಬೇಡುವಂತಿರಬೇಕು ಎಂಬ ನಿಯಮವನ್ನು ಪಾಣಿನಿ ಮಾಡಿದ್ದಾನೆ. ಇನ್ನು ‘ಯೋಗ್ಯ’ ಎಂಬ ಪದವಂತೂ ನಿಮ್ಮ ಹೊಲದಿಂದಲೇ ಎದ್ದು ಬಂದಂತಿದೆ. ಯುಜ್ ಎಂದರೆ ಕೂಡಿಸು, ಹೂಡು. ಸಂಸ್ಕೃತ ನಿಘಂಟಿನಲ್ಲಿ ಯೋಗ್ಯ ಎಂಬುದಕ್ಕೆ ನೊಗಕ್ಕೆ ಹೂಡತಕ್ಕದ್ದು ಎಂಬ ಅರ್ಥವಿದೆ, ಗಾಡಿ ಎಳೆಯುವ ಪಶು ಎಂಬ ಅರ್ಥವೂ ಇದೆ.

ಮಾಗಡಿ ರಂಗನಾಥಸ್ವಾಮಿ ಜಾತ್ರೆಯ ದನಗಳ ಸಾಲಿನಲ್ಲಿ ನೀವು ನಿಂತಿರುತ್ತೀರಿ. ಹಳ್ಳಿಕಾರ್ ಹೋರಿಯ ಬಾಯಿ ಬಿಡಿಸಿ ಎರಡು ಹಲ್ಲೋ ನಾಲ್ಕು ಹಲ್ಲೋ ನೋಡುತ್ತಾರೆ, ಸುಳಿ ನೋಡುತ್ತಾರೆ, ನಡೆಸಿ ನೋಡುತ್ತಾರೆ. ಕೊನೆಗೆ ಕೇಳುವುದು ಒಂದೇ ಮಾತು: ‘ಗಾಡಿಗೂ ಆಯ್ತದಾ, ಉಳಕ್ಕೂ ಆಯ್ತದಾ?’ ಇನ್ನೂ ನೊಗ ಕಾಣದ ಹೋರಿಯಾದರೆ ಅದನ್ನು ಯಾರೂ ಇನ್ನೊಂದು ಹಸಿ ಹೋರಿಯ ಜೊತೆ ಕಟ್ಟುವುದಿಲ್ಲ. ಪಳಗಿದ ಎತ್ತಿನ ಪಕ್ಕ ಹೂಡುತ್ತಾರೆ. ಮೊದಲು ಬರೀ ನೊಗ ಇಟ್ಟು ನಡೆಸುತ್ತಾರೆ, ಆಮೇಲೆ ಒಂದು ಹಗುರವಾದ ಮರದ ತುಂಡು ಎಳೆಸುತ್ತಾರೆ, ಆಮೇಲೆ ಖಾಲಿ ಗಾಡಿ. ಹಸಿ ಹೋರಿ ಪಕ್ಕಕ್ಕೆ ಜಗ್ಗಿದಾಗ ಹಳೆಯ ಎತ್ತು ತನ್ನ ಪಾಡಿಗೆ ನೇರ ಹೋಗುತ್ತಿರುತ್ತದೆ, ಅದರ ಭಾರವೇ ಇದನ್ನು ದಾರಿಗೆ ತರುತ್ತದೆ. ಈ ಚಿತ್ರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಶಾಲೆಯ ವಿಷಯ ಬಂದಾಗ ಬೇಕಾಗುತ್ತದೆ. ನನಗೆ ಬೇಸರವಾಗುವುದೆಂದರೆ, ಇಷ್ಟು ಒಳ್ಳೆಯ ಪದವನ್ನು ನಾವು ಬೈಗುಳ ಮಾಡಿಬಿಟ್ಟಿದ್ದೇವೆ. ‘ನಿನ್ನ ಯೋಗ್ಯತೆಗೆ’ ಎಂದು ಶುರುವಾದ ವಾಕ್ಯ ಒಳ್ಳೆಯದಾಗಿ ಮುಗಿದದ್ದನ್ನು ನಾನು ಕೇಳಿಲ್ಲ. ಮಕ್ಕಳ ಮುಂದೆ ದಯವಿಟ್ಟು ಆ ವಾಕ್ಯ ಬೇಡ.

ಈಗ ನಿಮ್ಮ ಕೊನೆಯ ಪ್ರಶ್ನೆ, ದಿನದ ಮಾತಿನಲ್ಲಿ ಏನನ್ನಬೇಕು ಎಂಬುದು. ನೀವು ಈಗಾಗಲೇ ಅನ್ನುತ್ತಿದ್ದೀರಿ. ಕನ್ನಡಿಗರು ಕಾಂಪಿಟೆನ್ಸನ್ನು ನಾಮಪದದಲ್ಲಿ ಹೇಳುವುದಕ್ಕಿಂತ ಕ್ರಿಯಾಪದದಲ್ಲಿ ಹೇಳುವುದೇ ಹೆಚ್ಚು. ‘ನನಗೆ ಈಜು ಬರುತ್ತೆ.’ ‘ಅವಳಿಗೆ ಮುದ್ದೆ ತೊಳಸೋಕೆ ಬರುತ್ತೆ.’ ಇಲ್ಲಿ ವಿದ್ಯೆ ನಡೆದುಕೊಂಡು ನಮ್ಮ ಬಳಿಗೆ ಬರುತ್ತದೆ, ನಾವು ಅದನ್ನು ಹಿಡಿದು ತಂದೆವು ಎಂಬ ಹಮ್ಮಿಲ್ಲ. ಇದರ ಪಕ್ಕದಲ್ಲಿ ಇನ್ನೊಂದು ಇದೆ, ‘ಕೈಲಾಗುತ್ತೆ’. ಅದು ಈ ಹೊತ್ತಿನ ಶಕ್ತಿಯ ಮಾತು. ಬರವಣಿಗೆಗೆ ‘ಬಲ್ಲ’ ಇದೆ: ಮಾಡಬಲ್ಲಳು, ಓದಬಲ್ಲನು. ಆಗದು ಎಂಬುದಕ್ಕೆ ‘ಮಾಡಲಾರೆ’ ಇದೆ. ಆ ಆರ್ ಎಂಬ ಧಾತು ಹಳಗನ್ನಡದಲ್ಲಿ ಶಕ್ತನಾಗು ಎಂಬ ಅರ್ಥದಲ್ಲಿತ್ತು, ಈಗ ನಿಷೇಧದಲ್ಲಿ ಮಾತ್ರ ಉಸಿರಾಡುತ್ತಿದೆ.

ಬರುವುದಕ್ಕೂ ಕೈಲಾಗುವುದಕ್ಕೂ ಇರುವ ವ್ಯತ್ಯಾಸ ನನಗೆ ತಿಳಿದದ್ದು ಮಾಗಡಿ ಕಡೆಯ ನಮ್ಮ ಸೋದರತ್ತೆಯ ರೇಷ್ಮೆ ಹುಳದ ಮನೆಯಲ್ಲಿ. ರಜೆಗೆ ಹೋಗಿದ್ದೆ. ನಾಲ್ಕನೇ ಜ್ವರ (ಹುಳ ಪೊರೆ ಬಿಡುವ ಹೊತ್ತು) ಎದ್ದು ಏಳು ದಿನವಾಗಿತ್ತು, ಹುಳ ಹಣ್ಣಾಗುತ್ತಿದ್ದವು. ತಟ್ಟೆಗಳಲ್ಲಿ ಸಾವಿರಾರು ಹುಳ. ಹಣ್ಣಾದವನ್ನು ಮಾತ್ರ ಆರಿಸಿ, ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಮುಂಚೆ ಬಿಟ್ಟರೆ ಅದಕ್ಕೆ ಗೂಡು ಕಟ್ಟುವಷ್ಟು ನೂಲು ತುಂಬಿರುವುದಿಲ್ಲ, ತಡವಾದರೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳು ಮಾಡುತ್ತದೆ. ನಾನೂ ಆರಿಸಲು ಕೂತೆ. ನನಗೆ ಎಲ್ಲವೂ ಒಂದೇ ತರ ಕಾಣುತ್ತಿದ್ದವು. ಅತ್ತೆಯ ಬೆರಳು ಮಾತ್ರ ಎಲ್ಲೂ ನಿಲ್ಲದೆ ಓಡುತ್ತಿತ್ತು, ಹತ್ತು ಹುಳದ ನಡುವಿನಿಂದ ಎರಡನ್ನು ಎತ್ತುತ್ತಿತ್ತು. ನಾನು ಎತ್ತಿದ್ದರಲ್ಲಿ ಅರ್ಧವನ್ನು ಅವರು ತಿರುಗಿ ಸೊಪ್ಪಿನ ಮೇಲೆ ಬಿಟ್ಟರು. ಹೇಗೆ ಗೊತ್ತಾಗುತ್ತೆ ಅಂದರೆ ‘ನೋಡಿದ್ರೆ ಗೊತ್ತಾಯ್ತದೆ’ ಅಂದರು. ನಾನು ಬಿಡಲಿಲ್ಲ. ಆಗ ಒಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ತಲೆಯ ಹಿಂದಿನ ಭಾಗ ಗಾಜಿನಂತೆ ತಿಳಿಯಾಗಿತ್ತು, ಒಳಗಿನಿಂದ ಹಳದಿ ಹೊಳಪು. ಮೈ ಕುಗ್ಗಿತ್ತು. ಸೊಪ್ಪು ಬಿಟ್ಟು ತಲೆ ಎತ್ತಿ ಆಚೀಚೆ ತೂಗುತ್ತಿತ್ತು. ಸಂಜೆ ಹೊತ್ತಿಗೆ ನಾನು ಎತ್ತಿದ ಹತ್ತರಲ್ಲಿ ಏಳೆಂಟು ಸರಿ ಇರುತ್ತಿದ್ದವು.

ಮಾರನೇ ದಿನ ಅತ್ತೆಗೆ ಮೈ ಸುಡುವ ಜ್ವರ. ಗೋಡೆಗೆ ಒರಗಿ ಕೂತು ನಮ್ಮನ್ನು ನೋಡುತ್ತ ಹೇಳಿದರು: ‘ನಂಗೆ ಬತ್ತದೆ ಕಣ್ಲಾ, ಇವತ್ತು ಕೈಲಾಗಕಿಲ್ಲ ಅಷ್ಟೆ.’

ಎಷ್ಟೋ ವರ್ಷದ ಮೇಲೆ ಭಾಷಾಶಾಸ್ತ್ರ ಓದುವಾಗ ನೋಮ್ ಚೋಮ್‌ಸ್ಕಿ 1965ರ ಪುಸ್ತಕದಲ್ಲಿ ಕಾಂಪಿಟೆನ್ಸ್ ಬೇರೆ, ಪರ್ಫಾರ್ಮೆನ್ಸ್ ಬೇರೆ ಎಂದು ಗೆರೆ ಎಳೆದದ್ದನ್ನು ಮೇಷ್ಟ್ರು ವಿವರಿಸುತ್ತಿದ್ದರು. ನಮ್ಮೊಳಗೆ ಇರುವ ಭಾಷೆಯ ಅರಿವು ಒಂದು, ದಣಿವು, ಮರೆವು, ಗಾಬರಿಯ ನಡುವೆ ಬಾಯಿಂದ ಹೊರಬರುವ ಮಾತು ಇನ್ನೊಂದು. ಮಾತು ತೊದಲಿದ ಮಾತ್ರಕ್ಕೆ ಒಳಗಿನ ಅರಿವು ಇಲ್ಲ ಎನ್ನಬಾರದು. ಇಡೀ ತರಗತಿ ಬರೆದುಕೊಳ್ಳುತ್ತಿತ್ತು. ನನಗೆ ಗೋಡೆಗೆ ಒರಗಿದ ಅತ್ತೆ ಕಂಡರು. ಬತ್ತದೆ, ಕೈಲಾಗಕಿಲ್ಲ. ಮುಂದೆ ಡೆಲ್ ಹೈಮ್ಸ್ ಎಂಬ ವಿದ್ವಾಂಸ ಚೋಮ್‌ಸ್ಕಿಗೆ ಒಂದು ತಿದ್ದುಪಡಿ ಹಾಕಿದ: ವ್ಯಾಕರಣ ಬಂದರೆ ಸಾಲದು, ಯಾರ ಹತ್ತಿರ, ಯಾವಾಗ, ಹೇಗೆ ಮಾತಾಡಬೇಕು ಎಂಬುದೂ ಬರಬೇಕು. ನಮ್ಮ ಮನೆಗಳಲ್ಲಿ ‘ಅವನಿಗೆ ಮಾತಾಡೋಕೆ ಬರಲ್ಲ’ ಎಂದರೆ ಅವನು ಮೂಗ ಎಂದು ಯಾರೂ ತಿಳಿಯುವುದಿಲ್ಲವಲ್ಲ, ಅದೇ ಇದು.

ಈಗ ನಿಮ್ಮ ಮಗಳ ಶಾಲೆ. ಶಿಕ್ಷಣ ಇಲಾಖೆಯಲ್ಲಿ ‘ಸಾಮರ್ಥ್ಯ’ ಎಂದರೆ ಒಂದು ನಿರ್ದಿಷ್ಟ ಕೆಲಸ ಬರುವುದು ಎಂದಷ್ಟೇ. ಎರಡಂಕಿ ಸಂಖ್ಯೆ ಓದುವುದು ಒಂದು ಸಾಮರ್ಥ್ಯ, ದಶಕ ತೆಗೆದುಕೊಂಡು ಕಳೆಯುವುದು ಇನ್ನೊಂದು. ಅದು ಮಗುವಿನ ಬುದ್ಧಿಯ ಮೇಲೆ ಕೊಟ್ಟ ತೀರ್ಪಲ್ಲ. ಒಂದರಿಂದ ಮೂರನೇ ತರಗತಿಯವರೆಗೆ ನಡೆಯುವ ನಲಿಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿತು. ಅಲ್ಲಿ ಕಲಿಕೆಯ ಏಣಿ ಗೋಡೆಯ ಮೇಲಿರುತ್ತದೆ, ಪ್ರತಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಮಕ್ಕಳು ಕೂರುವ ಗುಂಪಿಗೆ ‘ತಟ್ಟೆ’ ಅನ್ನುತ್ತಾರೆ. ಮೊದಲ ತಟ್ಟೆಯಲ್ಲಿ ಪೂರ್ತಿ ಶಿಕ್ಷಕರ ನೆರವು, ಎರಡನೆಯದರಲ್ಲಿ ಸ್ವಲ್ಪ. ಆಮೇಲೆ ಜೊತೆಯ ಮಕ್ಕಳ ನೆರವು, ಅದೂ ಕಡಿಮೆಯಾಗುತ್ತ ಬಂದು ಕೊನೆಯ ತಟ್ಟೆಯಲ್ಲಿ ಮಗು ತಾನೇ ಕಲಿಯುತ್ತದೆ. ಪಳಗಿದ ಎತ್ತಿನ ಪಕ್ಕ ನೊಗ ಹೊತ್ತ ಹೋರಿಯನ್ನು ಇಲ್ಲಿ ನೆನೆಸಿಕೊಳ್ಳಿ.

ನಿಮ್ಮ ತಮ್ಮ ಹೋಗಿದ್ದಂಥ ಕಾರ್ಖಾನೆಗಳಲ್ಲೂ ಇದೇ ಏಣಿ ಬೇರೆ ವೇಷದಲ್ಲಿದೆ. ಅನೇಕ ಕಡೆ ಕೆಲಸದ ಜಾಗದ ಹತ್ತಿರ ಒಂದು ಬೋರ್ಡು ಇರುತ್ತದೆ: ಒಂದು ಬದಿಗೆ ಕೆಲಸಗಾರರ ಹೆಸರು, ಮೇಲೆ ಕೆಲಸಗಳ ಹೆಸರು, ಪ್ರತಿ ಮನೆಯಲ್ಲೂ ನಾಲ್ಕು ಭಾಗ ಮಾಡಿದ ಒಂದು ಸೊನ್ನೆ. ಕಾಲು ತುಂಬಿದ್ದರೆ ಕಲಿಯುತ್ತಿದ್ದಾನೆ. ಅರ್ಧ ತುಂಬಿದ್ದರೆ ಯಾರಾದರೂ ಜೊತೆಗಿದ್ದರೆ ಮಾಡುತ್ತಾನೆ. ಮುಕ್ಕಾಲು ಎಂದರೆ ಒಬ್ಬನೇ ಮಾಡುತ್ತಾನೆ. ಪೂರ್ತಿ ತುಂಬಿದ್ದರೆ ಬೇರೆಯವರಿಗೆ ಕಲಿಸಬಲ್ಲ. ಸರ್ಟಿಫಿಕೇಟು ಅವನ ಅರ್ಹತೆ, ಗೇಟಿನ ಒಳಗೆ ಬಿಡುವುದಕ್ಕೆ ಬೇಕಾದದ್ದು. ಈ ಸೊನ್ನೆ ಅವನ ಕಾಂಪಿಟೆನ್ಸಿ. ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ 1973ರಲ್ಲಿ ಒಂದು ಲೇಖನ ಬರೆದು, ಬುದ್ಧಿಮತ್ತೆಯ ಪರೀಕ್ಷೆ ಮಾಡುವ ಬದಲು ಆ ಕೆಲಸ ಮಾಡಲು ಬರುತ್ತದೆಯೇ ಎಂದು ನೋಡಿ ಎಂದು ವಾದಿಸಿದ. ಇಂಟರ್‌ವ್ಯೂಗಳಲ್ಲಿ ಕಾಂಪಿಟೆನ್ಸಿ ಎಂಬ ಮಾತು ಬಲವಾಗಿ ಬೇರುಬಿಟ್ಟದ್ದು ಆಮೇಲೆ. ಹಾಗಾಗಿ ಮುಂದಿನ ಸಲ ತಮ್ಮನಿಗೆ ಕೇಳಿದರೆ ಗುಣವಾಚಕಗಳ ಪಟ್ಟಿ ಕೊಡುವುದು ಬೇಡ. ಯಾವ ಯಂತ್ರದ ಮೇಲೆ ಎಷ್ಟು ದಿನ ಕೂತಿದ್ದೆ, ಯಾವುದನ್ನು ಒಬ್ಬನೇ ಮಾಡಿದೆ, ಎಲ್ಲಿ ಇನ್ನೂ ಒಬ್ಬರು ಬೇಕು, ಇಷ್ಟನ್ನು ಹೇಳಲಿ.

ಅರ್ಹತೆ ಇಲ್ಲದೆ ಬಲ್ಲತನ ಇರಬಹುದು ಎಂಬುದಕ್ಕೆ ನಿಮ್ಮ ತಾಲ್ಲೂಕಿನವರಿಗೆ ನಾನು ಉದಾಹರಣೆ ಹುಡುಕಬೇಕಾಗಿಲ್ಲ. ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗಿ. ಎರಡೂ ಕಡೆಯ ಆಲದ ಮರಗಳನ್ನು ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಚಿಕ್ಕಯ್ಯ ಬೆಳೆಸಿದರು, ನಾಲ್ಕು ಕಿಲೋಮೀಟರಿಗೆ 385 ಎಂದು ಲೆಕ್ಕ ಹೇಳುತ್ತಾರೆ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ ಅವರು. ಮೊದಲ ವರ್ಷ ಹತ್ತು ಸಸಿ, ಮುಂದಿನ ವರ್ಷ ಹದಿನೈದು, ಆಮೇಲೆ ಇಪ್ಪತ್ತು. ಬಿಂದಿಗೆಯಲ್ಲಿ ನೀರು ಹೊತ್ತರು, ದನ ಬಾಯಿ ಹಾಕದಂತೆ ಮುಳ್ಳು ಕಟ್ಟಿದರು, ಮಳೆ ನೋಡಿಕೊಂಡು ನೆಟ್ಟರು. ಹತ್ತು ಬದುಕಿದ್ದನ್ನು ಕಂಡ ಮೇಲೆ ಹದಿನೈದಕ್ಕೆ ಕೈ ಹಾಕುವುದು ಇದೆಯಲ್ಲ, ನನ್ನ ಮಟ್ಟಿಗೆ ಕಾಂಪಿಟೆನ್ಸ್ ಎಂಬ ಪದಕ್ಕೆ ಅದಕ್ಕಿಂತ ಒಳ್ಳೆಯ ವಿವರಣೆ ಇಲ್ಲ. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮರಗಳು ಅಷ್ಟು ಹೊತ್ತಿಗೆ ರಸ್ತೆಗೆ ಚಪ್ಪರ ಹಾಕಿದ್ದವು.

ನಿಮ್ಮ ಮೇಷ್ಟ್ರ ಮಾತಿಗೆ ಹಿಂದಿರುಗುತ್ತೇನೆ. ‘ಸಾಮರ್ಥ್ಯ ಇನ್ನೂ ಬರಬೇಕು’ ಅಂದರು ಎಂದು ಬರೆದಿದ್ದೀರಿ. ಸಾಮರ್ಥ್ಯ ಇಲ್ಲ ಅನ್ನಲಿಲ್ಲ. ಅವರು ಒಳ್ಳೆಯ ಮೇಷ್ಟ್ರು. ‘ಇಲ್ಲ’ ಎಂದರೆ ಬಾಗಿಲು ಹಾಕಿದಂತೆ, ‘ಬಂದಿಲ್ಲ’ ಎಂದರೆ ದಾರಿಯಲ್ಲಿದೆ ಎಂದು. ನಿಮ್ಮ ಮಗಳ ಸಂಗತಿಯಲ್ಲಿ ಅದು ಎಲ್ಲಿಯವರೆಗೆ ಬಂದಿದೆ ಎಂದು ನೀವೇ ನೋಡಬಹುದು. ಇವತ್ತು ಸಂಜೆ ಪೊರಕೆಯಿಂದ ಒಂದಷ್ಟು ಕಡ್ಡಿ ತೆಗೆದು ಸಣ್ಣಗೆ ಮುರಿಯಿರಿ. ಹತ್ತು ಹತ್ತರ ಐದು ಕಟ್ಟು, ಬಿಡಿ ಎರಡು. ಐವತ್ತೆರಡಾಯಿತು. ಇಪ್ಪತ್ತೇಳು ಕೊಡು ಮಗಳೇ ಎಂದು ಕೇಳಿ. ಎರಡು ಕಟ್ಟು ಬೇಗ ಕೊಡುತ್ತಾಳೆ. ಏಳು ಬಿಡಿ ಕಡ್ಡಿಗೆ ಕೈ ಹಾಕಿದಾಗ ಎರಡೇ ಇರುತ್ತದೆ, ಅಲ್ಲಿ ಏನು ಮಾಡುತ್ತಾಳೆ ನೋಡಿ. ನೀವು ಒಂದು ಕಟ್ಟು ಬಿಚ್ಚಿ ತೋರಿಸಿದ ಮೇಲೆ ಮಾಡಿದಳೋ, ಅವಳೇ ಬಿಚ್ಚಿದಳೋ, ಬಿಚ್ಚಿ ಕೊಟ್ಟ ಮೇಲೆ ಬೇರೆಯವರಿಗೂ ಹೇಳಿಕೊಡಲು ಹೋದಳೋ, ಅದನ್ನು ಹಾಗೆಯೇ ನಾಳೆ ಮೇಷ್ಟ್ರಿಗೆ ಹೇಳಿ. ಅವರು ಅವಳನ್ನು ಯಾವ ತಟ್ಟೆಯಲ್ಲಿ ಕೂರಿಸಬೇಕೋ ಅಲ್ಲಿ ಕೂರಿಸುತ್ತಾರೆ.